ಒಂಬತ್ತಕ್ಕೆ ಆರು

ನಮ್ಮ ಮನೆಯಲ್ಲಿ ಪ್ರತಿವರ್ಷ ಜನವರಿ ಒಂದನೇ ತಾರೀಕು ಪರೀಕ್ಷೆಯ ಫಲಿತಾಂಶ. ಶಾಲೆಗೆ ಹೋಗುವವರು ಮನೆಯಲ್ಲಿ ಯಾರೂ ಇಲ್ಲ. ಫಲಿತಾಂಶ ಬರುವುದು ಅರವತ್ತೆಂಟು ವರ್ಷದ ನನಗೆ, ನನ್ನ ತಮ್ಮನ ಹೆಂಡತಿ ಕಮಲಾದೇವಿಗೆ, ಅವರ ಒಬ್ಬಳೇ ಮಗಳು ವಿಮಲಾಗೆ. ಅಂಕ ಹಾಕುವವನು ನನ್ನ ತಮ್ಮ, ಬ್ರಿಗೇಡಿಯರ್ ಶಾಂತವೀರಪ್ಪ, ವಿ.ಎಸ್.ಎಂ., ನಿವೃತ್ತ. ಜಯನಗರದ ನಾಲ್ಕನೇ ಟಿ ಬ್ಲಾಕಿನಲ್ಲಿ ಗೇಟಿನ ಮೇಲೆ ಪದಕದ ಹೆಸರು ಸಮೇತ ಇಷ್ಟನ್ನೂ ಬರೆಸಿಕೊಂಡಿರುವ ಮನೆ ನಮ್ಮದೊಂದೇ.

ಮಿಲಿಟರಿಯಲ್ಲಿ ಪ್ರತಿಯೊಬ್ಬ ಆಫೀಸರನ ಮೇಲೂ ಅವನ ಮೇಲಿನವನು ವರ್ಷಕ್ಕೊಂದು ಗುಪ್ತ ವರದಿ ಬರೆಯುತ್ತಾನಂತೆ. ಒಂಬತ್ತಕ್ಕೆ ಇಷ್ಟು ಎಂದು ಅಂಕ. ಆ ಅಂಕದ ಮೇಲೆಯೇ ಮುಂದಿನ ಬಡ್ತಿ. ರಿಟೈರಾಗಿ ಬಂದವನು ಹತ್ತೊಂಬತ್ತು ಕಪ್ಪು ಟ್ರಂಕುಗಳ ಜೊತೆ ಆ ಅಭ್ಯಾಸವನ್ನೂ ಇಳಿಸಿಕೊಂಡ. ಕಂದು ರಟ್ಟಿನದೊಂದು ಪುಸ್ತಕ, ತಲೆಗೊಂದು ಪುಟ. ಶಿಸ್ತು, ಸಮಯಪಾಲನೆ, ಮಾತಿನ ಹತೋಟಿ, ಕೊನೆಗೆ ಒಟ್ಟು ಅಂಕ. ಅದರ ಕೆಳಗೆ ‘ಓದಿದ್ದೇನೆ’ ಎಂದು ನಾವು ರುಜು ಹಾಕಬೇಕು. ನನಗೆ ಪ್ರತಿವರ್ಷ ಐದು. ಇವನಿಗೆ ಚಡ್ಡಿ ಹಾಕಿಕೊಳ್ಳುವುದನ್ನು ಕಲಿಸಿದವಳು ನಾನು! ರುಜು ಹಾಕಿ, “ಸಂಜೆ ಕಾಫಿ ಬೇಕಾದ್ರೆ ಒಂಬತ್ತು ತಗೊಂಡೋರ ಹತ್ರ ಕೇಳು, ಶಾಂತ” ಎಂದು ಎದ್ದು ಹೋಗುತ್ತಿದ್ದೆ. ವಿಮಲಾಗೆ ಎಂಟು. ಕಮಲಾಗೆ ಆರು. ಏಳು ವರ್ಷ, ಏಳು ಸಲವೂ ಆರು. ಅವಳು ಓದದೆಯೇ ರುಜು ಹಾಕಿ, ಸೆರಗಿಗೆ ಕೈ ಒರೆಸಿಕೊಂಡು ಅಡುಗೆಮನೆಗೆ ಹೋಗುತ್ತಿದ್ದಳು. ಎಲ್ಲಾ ಅವನ ಆಟ ಎಂದುಕೊಂಡಿದ್ದೆ. ನನ್ನ ಬುದ್ಧಿಗಿಷ್ಟು!

ನಾವು ತಿಪಟೂರಿನ ಕಡೆಯವರು. ನನ್ನ ಯಜಮಾನರು ಹೋದ ಮೇಲೆ ತಮ್ಮನೇ ಬಂದು, “ಬಾ ಅಕ್ಕ, ನನ್ನ ಮನೇಲಿರು” ಎಂದು ಕರೆದುಕೊಂಡು ಬಂದ. ಅವನು ಕೆಟ್ಟವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಅವನ ಮನೆಯೊಳಗೆ ಬಂದವರು ಹೊರಗೆ ಹೋದದ್ದನ್ನು ನಾನು ಕಂಡಿಲ್ಲ. ಬೆಳಿಗ್ಗೆ ಆರಕ್ಕೆ ಕಾಫಿಯ ಗಂಟೆ, ಎಂಟಕ್ಕೆ ತಿಂಡಿಯ ಗಂಟೆ, ಒಂದಕ್ಕೆ ಊಟದ ಗಂಟೆ. ನಡುಮನೆಯ ಬಾಗಿಲಿಗೆ ಹಿತ್ತಾಳೆ ಗಂಟೆ ತೂಗುಹಾಕಿಕೊಂಡು ತಾನೇ ಬಾರಿಸುತ್ತಾನೆ. ಬನಶಂಕರಿ ಗುಡಿಗೆ ಹೋಗಿಬರುತ್ತೇನೆಂದರೂ ಎಷ್ಟು ಗಂಟೆಗೆ ವಾಪಸು ಎಂದು ಬರೆದಿಟ್ಟು ಹೋಗಬೇಕು. ನಾಲ್ಕು ವರ್ಷದಿಂದ ಸಂಕ್ರಾಂತಿಗೆ ತಿಪಟೂರಿಗೆ ಹೋಗಬೇಕೆಂದು ಕೇಳುತ್ತಿದ್ದೇನೆ. “ನೀನು ಹೋದ್ರೆ ಕಮಲಾಗೆ ಯಾರು?” ಎನ್ನುತ್ತಾನೆ. ಕಮಲಾ ತವರಿಗೆ ಹೋಗುತ್ತೇನೆಂದರೆ, “ಅಕ್ಕನ್ನ ಒಬ್ಬಳನ್ನೇ ಬಿಟ್ಟಾ?” ಎನ್ನುತ್ತಾನೆ. ಹೀಗೆ ನಮ್ಮಿಬ್ಬರಲ್ಲಿ ಒಬ್ಬರ ಕಾಲಿಗೆ ಇನ್ನೊಬ್ಬರನ್ನು ಕಟ್ಟಿಹಾಕಿದ್ದಾನೆ.

ಎಂಬತ್ತನಾಲ್ಕರ ಡಿಸೆಂಬರ್ ಮೊದಲ ವಾರ ಒಂದೇ ದಿನ ಎರಡು ಕಾಗದ ಬಂದವು. ಒಂದು ಶಾಂತನಿಗೆ, ಅವನ ಹಳೆಯ ರೆಜಿಮೆಂಟಿನಿಂದ. ಅವರದೇನೋ ಸ್ಮರಣ ಸಂಚಿಕೆಯಂತೆ. ತಾವು ಎಲ್ಲೆಲ್ಲಿ ಸೇವೆ ಸಲ್ಲಿಸಿದಿರಿ, ಯಾವ ಯಾವ ಪದಕ ಪಡೆದಿರಿ ಎಂಬುದನ್ನು ಜನವರಿ ಕೊನೆಯೊಳಗೆ ಬರೆದು ಕಳಿಸಿ ಎಂದಿತ್ತು. ಇನ್ನೊಂದು ವಿಮಲಾಳ ಕೈಚೀಲದಲ್ಲಿ ಬ್ಯಾಂಕಿನಿಂದ ಬಂತು. ಅವಳು ಅದನ್ನು ಊಟದ ಹೊತ್ತಿನ ತನಕ ಹೊರಗೆ ತೆಗೆಯಲೇ ಇಲ್ಲ.

“ಅಪ್ಪ, ನನಗೆ ಆಫೀಸರ್ ಪ್ರಮೋಷನ್ ಬಂದಿದೆ” ಎಂದಳು.

“ವೆರಿ ಗುಡ್. ಯಾವ ಬ್ರಾಂಚು?”

“ಚಿತ್ರದುರ್ಗ.”

ಶಾಂತನ ಚಮಚ ತಟ್ಟೆಗೆ ಟಕಟಕ ಬಡಿಯುತ್ತಿತ್ತು. ಅದು ಸಿಟ್ಟಲ್ಲ. ಹೋದ ವರ್ಷದಿಂದ ಅವನ ಬಲಗೈ ನಡುಗುತ್ತದೆ. ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ, ಕೈ ಕೇಳುವುದಿಲ್ಲ. ಮುದ್ದೆ ಮುರಿಯಲೂ ಆಗದೆ ಅನ್ನವನ್ನು ಚಮಚದಲ್ಲಿ ತಿನ್ನುತ್ತಾನೆ.

“ಯಾವಾಗ ಹೇಳ್ಬೇಕು?”

“ಜನವರಿ ಹತ್ತರೊಳಗೆ ಒಪ್ಪಿಗೆ ಬರೆದುಕೊಡಬೇಕು. ಎರಡು ವರ್ಷದ ಹಿಂದೆ ನಿಮ್ಮ ಕಣ್ಣಿನ ಆಪರೇಷನ್ ಅಂತ ಬೇಡ ಅಂದಿದ್ದೆ. ಈ ಸಲಾನೂ ಬೇಡ ಅಂದ್ರೆ ಲಿಸ್ಟಿಂದ ಹೆಸರು ತೆಗೆದುಬಿಡ್ತಾರೆ. ಕ್ಲರ್ಕಾಗೇ ರಿಟೈರ್ ಆಗ್ಬೇಕು.”

“ನನ್ನ ಕಾಗದ ಮೊದಲು ಮುಗೀಲಿ. ನನ್ನ ಕೈ ನೋಡ್ತಿದ್ದೀಯಲ್ಲ. ನೀನು ಟೈಪ್ ಮಾಡದೆ ಇನ್ಯಾರು ಮಾಡ್ತಾರೆ? ಮುಗಿದ ಮೇಲೆ ಯೋಚಿಸೋಣ.”

“ಮುಗಿದ ಮೇಲೆ ಹೋಗ್ಲಾ?”

“ಬದಲಿ ಬರದೆ ಯಾರೂ ಪೋಸ್ಟ್ ಬಿಡೋ ಹಾಗಿಲ್ಲ. ಅದು ರೂಲು.”

“ಅವಳೇನು ನಿನ್ನ ಗೇಟಿನ ಸೆಂಟ್ರಿಯೇನೋ?” ಎಂದೆ ನಾನು. “ಮೂವತ್ತೊಂದು ವರ್ಷ ಆಯ್ತು ಹುಡುಗಿಗೆ. ಬಂದ ಎರಡು ಗಂಡುಗಳನ್ನೂ ಇಂಟರ್ವ್ಯೂ ಮಾಡಿ ಓಡಿಸ್ದೆ. ಕೆಲಸದಲ್ಲಾದ್ರೂ ಮುಂದೆ ಹೋಗ್ಲಿ ಬಿಡು.”

“ಅಕ್ಕ, ಸಾರು ಬಡಿಸು.”

ಬಡಿಸಿದೆ. ಕಮಲಾ ಮಜ್ಜಿಗೆ ತರಲು ಎದ್ದಳು.

ಮುಂದಿನ ರೂಮಿಗೆ ನಮ್ಮ ಮನೆಯಲ್ಲಿ ಆಫೀಸು ಎಂದು ಹೆಸರು. ಮಾರನೆಯ ದಿನದಿಂದ ಅಲ್ಲಿ ಸಂಜೆ ಐದೂವರೆಗೆ ಇನ್ನೊಂದು ಗಂಟೆ ಶುರುವಾಯಿತು. ವಿಮಲಾ ಬಸ್ಸಿಳಿದು ಬಂದು, ಮುಖಕ್ಕೆ ನೀರು ಹಾಕಿಕೊಂಡು, ನಿಂತೇ ಕಾಫಿ ಕುಡಿದು ಟೈಪ್‌ರೈಟರಿನ ಮುಂದೆ ಕೂರಬೇಕು. ಏಳೂವರೆಯ ತನಕ ಅವನು ಅಡ್ಡಾಡಿಕೊಂಡು ಹೇಳುತ್ತಾನೆ, ಇವಳು ಕುಟ್ಟುತ್ತಾಳೆ. ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿ ಅವನ ಪದಕಗಳು. ಕೆಂಪು ಮಖಮಲ್ಲಿನ ಮೇಲೆ ಹನ್ನೊಂದು ಪದಕ, ಹನ್ನೆರಡು ಕೊಕ್ಕೆ. ಮೇಜರ್ ಜನರಲ್ ಆದಮೇಲೆ ಇನ್ನೊಂದು ದೊಡ್ಡ ಪದಕ ಬರುವುದಿತ್ತಂತೆ. ಕೊಕ್ಕೆಯನ್ನು ಮೊದಲೇ ಹೊಡೆಸಿಟ್ಟಿದ್ದ. ಎಪ್ಪತ್ತಾರರಲ್ಲಿ ಬಡ್ತಿ ತಪ್ಪಿತು, ಮಾರನೆಯ ವರ್ಷ ರಿಟೈರಾದ. ಕೊಕ್ಕೆ ಹಾಗೇ ಉಳಿಯಿತು.

ಭಾನುವಾರ ಅರೆಕೆರೆಯಿಂದ ಬೈಲಪ್ಪ ಸೈಕಲ್ ಮೇಲೆ ಬರುತ್ತಾನೆ. ಸೈನ್ಯದಲ್ಲಿ ಹದಿನೈದು ವರ್ಷ ಶಾಂತನ ಬಟ್ಟೆಬರೆ, ಬೂಟು ನೋಡಿಕೊಂಡವನು. ಈಗ ಊರಲ್ಲಿ ಹೊಲ ಮಾಡಿಕೊಂಡಿದ್ದಾನೆ. ಅವರೆಯ ಕಾಲ, ಒಂದು ಚೀಲ ಅವರೆಕಾಯಿ ಹೇರಿಕೊಂಡು ಬಂದು ಹಿತ್ತಲಲ್ಲಿ ಸುರಿದ. ಆಮೇಲೆ ಚೌಕಟ್ಟು ಇಳಿಸಿಕೊಂಡು, ಯಾವ ಪದಕದ ಪಕ್ಕ ಯಾವುದು ಎಂಬ ಕ್ರಮ ತಪ್ಪದಂತೆ ಒಂದೊಂದನ್ನೇ ತೆಗೆದು ಪಾಲಿಷ್ ಹಾಕಿ ಉಜ್ಜತೊಡಗಿದ. ನಾನು ಅವನಿಗೆ ತಟ್ಟೆಯಲ್ಲಿ ಉಪ್ಪಿಟ್ಟು ತಂದಿಟ್ಟೆ.

“ಬೈಲಪ್ಪ, ನೀನ್ಯಾಕಪ್ಪ ಇಷ್ಟು ವರ್ಷ ಸಿಪಾಯಿಯಾಗೇ ಉಳಿದೆ? ನಿನ್ನ ಜೊತೆಯೋರೆಲ್ಲ ಹವಾಲ್ದಾರ್ ಆದ್ರಂತಲ್ಲ?”

ಅವನ ಮುಖವೆಲ್ಲ ಅರಳಿತು. “ನಾಯಕ್ ಆಗೋ ಟ್ರೇನಿಂಗ್‌ಗೆ ಮೂರು ಸಲ ನನ್ನ ಹೆಸ್ರು ಬಂದಿತ್ತು ಅಮ್ಮಾವ್ರೇ. ಮೂರು ಸಲಾನೂ ಸಾಹೇಬ್ರು ಬಿಡ್ಲಿಲ್ಲ. ನಾನಿಲ್ದಿದ್ರೆ ಅವ್ರಿಗೆ ಆಗ್ತಿರ್ಲಿಲ್ಲ ನೋಡಿ. ಅಷ್ಟು ನಂಬ್ಕೆ!”

“ಪೆನ್ಷನ್ ಕಡಿಮೆ ಬರುತ್ತೇನೋ?”

“ಬತ್ತದೆ ಬುಡಿ. ನಂಬ್ಕೆ ದೊಡ್ಡದಲ್ವಾ?” ಎಂದು ಉಜ್ಜುವುದನ್ನು ಮುಂದುವರಿಸಿದ. ನಾನು ಆ ಮಾತನ್ನು ಅಲ್ಲೇ ಬಿಟ್ಟೆ. ಬಿಡಬಾರದಿತ್ತು.

ಡಿಸೆಂಬರಿನ ಎರಡನೇ ವಾರದ ಹೊತ್ತಿಗೆ ಶಾಂತ ಕಾಶ್ಮೀರ ದಾಟಿದ್ದ. ಮೂರನೇ ವಾರಕ್ಕೆ ಅರವತ್ತೆರಡು, ಅರವತ್ತೈದು, ಎಪ್ಪತ್ತೊಂದರ ಯುದ್ಧಗಳೆಲ್ಲ ಮುಗಿದವು. ಯಾವ ಬೆಟ್ಟ, ಯಾವ ಸೇತುವೆ, ಯಾವ ತಾರೀಕು, ಎಲ್ಲಾ ಬಾಯಿಪಾಠ. ಅಡುಗೆಮನೆಗೆ ಕೇಳುವಂತೆ ಗಟ್ಟಿಯಾಗಿ ಹೇಳುತ್ತಿದ್ದ. ಎಪ್ಪತ್ತೈದಕ್ಕೆ ಬರುತ್ತಲೇ ಧ್ವನಿ ನಿಂತಿತು.

“ಹಿಂದಿನ ಪುಟ ಕೊಡು. ಸರಿಯಾಗಿಲ್ಲ” ಎಂದ. ಪರ್ರನೆ ಹರಿದ ಸದ್ದು ಬಂತು. “ಮೊದಲಿಂದ ಶುರು ಮಾಡು.”

“ಮೊದಲಿಂದಾನಾ ಅಪ್ಪ?”

“ಮೊದಲಿಂದ.”

ಆ ವಾರ ಎರಡು ಸಲ ಹಾಗಾಯಿತು. ಮುಂದಿನ ವಾರ ಮೂರು ಸಲ. ಎಪ್ಪತ್ತೈದು ಬಂತೆಂದರೆ ಸಾಕು, ಕಾಗದ ಹರಿಯುವುದು, ಮತ್ತೆ ಮೊದಲಿಂದ. ವಿಮಲಾಳ ಬೆರಳ ತುದಿಗಳು ಊದಿಕೊಂಡವು. ಒಂದು ಸಂಜೆ ಅಡುಗೆಮನೆಗೆ ಬಂದು ನೀರಿನ ಕೊಡದ ಪಕ್ಕ ಕೂತುಬಿಟ್ಟಳು.

“ಅತ್ತೆ, ಇದು ಮುಗಿಯಲ್ಲ. ನಾನು ಹೋಗೋದೂ ಇಲ್ಲ.”

“ಯಾಕೆ ಹೋಗಲ್ಲ? ಸೈನ್ ಮಾಡಿ ಕೊಟ್ಟು ಹೊರಡು. ಅವನೇನು ನಿನ್ನ ಕೋರ್ಟ್ ಮಾರ್ಷಲ್ ಮಾಡ್ತಾನಾ?”

“ಅಪ್ಪ ಒಂದು ಸಲ ಹೂಂ ಅನ್ಲಿ, ಸಾಕು. ಆ ಕೈ ನೋಡಿದ್ರೆ ನನ್ನ ಕೈಲಿ ಆಗಲ್ಲ ಅತ್ತೆ. ನಿನ್ನೆ ಶರಟಿನ ಗುಂಡಿ ಹಾಕ್ಕೊಳ್ಳೋಕೆ ಒದ್ದಾಡ್ತಿದ್ರು.”

“ಗುಂಡಿ ಹಾಕೋಕೆ ನಾವಿಬ್ಬರು ಸತ್ತಿಲ್ಲ” ಎಂದೆ. ಅವಳು ಮುಖ ಒರೆಸಿಕೊಂಡು ಮತ್ತೆ ಆಫೀಸಿಗೆ ಹೋದಳು.

ಅವತ್ತು ನಾನು ಕಮಲಾಳನ್ನು ಕೇಳಿಯೇಬಿಟ್ಟೆ. ಅವಳು ಬಾಣಲೆಯ ತಳಕ್ಕೆ ಅಕ್ಕಿ ರೊಟ್ಟಿ ತಟ್ಟುತ್ತಿದ್ದಳು.

“ಎಪ್ಪತ್ತೈದರಲ್ಲಿ ಏನಾಯ್ತೇ?”

ಅವಳು ರೊಟ್ಟಿಗೆ ಬೆರಳಲ್ಲಿ ತೂತು ಮಾಡಿ ಎಣ್ಣೆ ಬಿಟ್ಟಳು. 

“ನನ್ನಿಂದಾನೇ ಅಕ್ಕ” ಎಂದಳು. “ಜನರಲ್ ಸಾಹೇಬ್ರ ಮನೇಲಿ ದೀಪಾವಳಿ ಊಟ ಇತ್ತು. ಇವರ ಬಡ್ತಿ ಆ ಜನರಲ್ಲು ಬರೆಯೋ ವರದಿ ಮೇಲೇ ನಿಂತಿತ್ತು. ಬಟಾಣಿ ಪಲ್ಯ ಅಂತ ಬಡಿಸ್ಕೊಂಡೆ. ಅದು ಖೀಮಾ. ಒಂದು ತುತ್ತು ಬಾಯಿಗೆ ಹೋಗಿಬಿಟ್ಟಿತ್ತು. ಕೊರಳಲ್ಲಿ ಲಿಂಗ ಇದೆ, ಬಾಯಲ್ಲಿ ಮಾಂಸ ಇದೆ. ತಡ್ಕೊಳ್ಳೋಕೆ ಆಗ್ಲಿಲ್ಲ. ಎದ್ದು ಓಡಿದೆ. ಬಾಗಿಲ ತನಕಾನೂ ಹೋಗೋಕಾಗ್ಲಿಲ್ಲ, ಆ ಜನರಲ್ ಹೆಂಡ್ತಿಯ ಗುಲಾಬಿ ಕುಂಡದಲ್ಲೇ ವಾಂತಿ. ಎಲ್ಲಾ ಆಫೀಸರುಗಳೂ ನೋಡ್ತಿದ್ರು. ಆ ವರ್ಷ ಇವರಿಗೆ ಒಂಬತ್ತಕ್ಕೆ ಆರು ಬಂತು. ಅಲ್ಲಿಗೆ ಮುಗೀತು.”

“ನಿನ್ನಿಂದ ಅಂತ ಅವನಂದ್ನಾ?”

“ಅನ್ನಲಿಲ್ಲ. ಬಡ್ತಿ ಇಲ್ಲ ಅಂತ ಗೊತ್ತಾದ ದಿನ, ‘ಆ ಊಟ ನೆನಪಿದೆಯಾ?’ ಅಂದ್ರು. ಇನ್ನೇನೂ ಮಾತಾಡ್ಲಿಲ್ಲ. ಅಲ್ಲ ಅಂತಾನೂ ಯಾವತ್ತೂ ಅನ್ನಲಿಲ್ಲ.”

ಆಗ ನನಗೆ ಆ ಆರು ಎಲ್ಲಿಂದ ಬಂತೆಂದು ಅರ್ಥವಾಯಿತು. ತನಗೆ ಬಂದ ಆರನ್ನು ಅವನು ವರ್ಷವರ್ಷವೂ ಹೆಂಡತಿಯ ಪುಟದಲ್ಲಿ ಬರೆಯುತ್ತಿದ್ದ. ಇವಳು ವರ್ಷವರ್ಷವೂ ರುಜು ಹಾಕಿ ಒಪ್ಪಿಕೊಳ್ಳುತ್ತಿದ್ದಳು. ಶಿವನೇ!

“ರೊಟ್ಟಿ ಸೀಯುತ್ತೆ, ಅಕ್ಕ” ಎಂದಳು.

ಜನವರಿ ಒಂದು, ಮಂಗಳವಾರ. ತಿಂಡಿಯಾದ ಮೇಲೆ ಕಂದು ಪುಸ್ತಕ ಹೊರಗೆ ಬಂತು. ಅಕ್ಷರಗಳು ಸೊಟ್ಟಪಟ್ಟ ಆಗಿದ್ದವು, ಆದರೂ ಈ ಪುಸ್ತಕವನ್ನು ಮಾತ್ರ ಅವನು ಯಾರಿಂದಲೂ ಬರೆಸುವುದಿಲ್ಲ. ನನಗೆ ಐದು. ಕಮಲಾಗೆ ಆರು. ಅವಳು ರುಜು ಹಾಕಿ ಎದ್ದಳು. ವಿಮಲಾ ತನ್ನ ಪುಟ ನೋಡಿ ಕಣ್ಣು ಮಿಟುಕಿಸದೆ ಕೂತಳು.

“ಎಷ್ಟೇ?” ಎಂದೆ.

“ಒಂಬತ್ತು.”

“ಮೂವತ್ತು ವರ್ಷದ ಸರ್ವೀಸಿನಲ್ಲಿ ನಾನು ಯಾರಿಗೂ ಒಂಬತ್ತು ಕೊಟ್ಟಿಲ್ಲ” ಎಂದ ಶಾಂತ. “ಷರಾ ಓದು.”

ವಿಮಲಾ ಓದಿದಳು. “ಇವಳಿಲ್ಲದೆ ಈ ಮನೆ ನಡೆಯುವುದಿಲ್ಲ.”

ಓದುತ್ತಿದ್ದ ಹಾಗೆಯೇ ಅವಳ ಕಣ್ಣಲ್ಲಿ ನೀರು ತುಂಬಿತು. ಸಂತೋಷಕ್ಕೆ ಎಂದುಕೊಂಡು ಅವನು ಅವಳ ತಲೆ ಸವರಿದ. ಆ ನಡುಗುವ ಕೈಯಿಂದಲೇ ಸವರಿದ. ಅವಳು ರುಜು ಹಾಕಿದಳು. ಬ್ಯಾಂಕಿನ ಒಪ್ಪಿಗೆಯ ಕಾಗದ ಕೈಚೀಲದಲ್ಲಿ ರುಜುವಿಲ್ಲದೆ ಹಾಗೇ ಇತ್ತು. ಅದಕ್ಕೆ ಉಳಿದದ್ದು ಒಂಬತ್ತು ದಿನ.

ಆರನೇ ತಾರೀಕು ಭಾನುವಾರ. ಎಪ್ಪತ್ತನಾಲ್ಕರಲ್ಲಿ ಯಾವ ತಿಂಗಳು ಯಾವ ಊರಿಗೆ ವರ್ಗವಾಯಿತೆಂಬುದು ಶಾಂತನಿಗೆ ನೆನಪಾಗಲಿಲ್ಲ. “ಏಳನೇ ನಂಬರ್ ಟ್ರಂಕಲ್ಲಿ ನೀಲಿ ಫೈಲಿದೆ, ತಾರೀಕು ನೋಡ್ಕೊಂಡು ಬಾ. ಬೇರೆ ಏನೂ ಕೆದಕಬೇಡ” ಎಂದು ವಿಮಲಾಳನ್ನು ಹಿಂದಿನ ರೂಮಿಗೆ ಕಳಿಸಿ, ತಾನು ಬೈಲಪ್ಪನ ಜೊತೆ ಪದಕಗಳ ಮುಂದೆ ಕೂತ. ನಾನು ಹಿತ್ತಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದೆ. ಸ್ವಲ್ಪ ಹೊತ್ತಿಗೆ ವಿಮಲಾ ಬಂದು ನನ್ನ ಎದುರು ಕುಕ್ಕರಗಾಲಲ್ಲಿ ಕೂತಳು. ಕೈಯಲ್ಲಿ ಒಂದು ಹಳದಿ ಕಾಗದ.

“ಅತ್ತೆ, ತಾರೀಕು ಹುಡುಕ್ತಾ ಇದು ಸಿಕ್ತು.”

“ನನಗೆಲ್ಲಿ ಬರುತ್ತೆ ಇಂಗ್ಲಿಷು? ಓದು.”

ಅವಳು ಧ್ವನಿ ತಗ್ಗಿಸಿ ಕನ್ನಡದಲ್ಲಿ ಹೇಳುತ್ತ ಹೋದಳು. ಎಪ್ಪತ್ತೈದರ ವರದಿಯಲ್ಲಿ ಶಾಂತನ ಮೇಲೆ ಬರೆದ ದೂರನ್ನು ಅವನಿಗೇ ತಿಳಿಸಿ ಕಳಿಸಿದ ಕಾಗದ ಅದು. ಸಮರ್ಥ, ಧೈರ್ಯವಂತ, ಪ್ರಾಮಾಣಿಕ. ಆದರೆ ಕೈಕೆಳಗಿನವರನ್ನು ಮುಂದೆ ಹೋಗಲು ಬಿಡುವುದಿಲ್ಲ. ತಮಗೆ ಬೇಕೆಂಬ ಒಂದೇ ಕಾರಣಕ್ಕೆ ಒಳ್ಳೆಯ ಮೂವರು ಆಫೀಸರುಗಳನ್ನು ಮೇಲಿನ ತರಬೇತಿಗೆ ಹೋಗದಂತೆ ತಡೆದಿದ್ದಾರೆ. ಎರಡು ಸಲ ಹೇಳಿದರೂ ತಿದ್ದಿಕೊಂಡಿಲ್ಲ. ಒಂಬತ್ತಕ್ಕೆ ಆರು.

“ಊಟದ ವಿಷಯ?” ಎಂದೆ.

“ಯಾವ ಊಟ?”

“ಏನೂ ಇಲ್ವಾ, ಗುಲಾಬಿ ಕುಂಡ, ವಾಂತಿ?”

“ಅದೆಲ್ಲ ಏನಿಲ್ಲ ಅತ್ತೆ. ಕೊನೇಲಿ ಇರೋದು ಇಷ್ಟೇ. ವರದಿಗೆ ಜನರಲ್ ರುಜು ಹಾಕಿರೋ ತಾರೀಕು, ಎಪ್ಪತ್ತೈದರ ಮಾರ್ಚ್ ಹನ್ನೊಂದು.”

ಆ ಊಟ ದೀಪಾವಳಿಯ ಊಟ ಎಂದು ಕಮಲಾ ಹೇಳಿದ್ದಳು. ಅವಳು ಆ ತುತ್ತು ಬಾಯಿಗಿಡುವುದಕ್ಕೆ ಎಂಟು ತಿಂಗಳ ಮೊದಲೇ ಆರು ಬಿದ್ದಾಗಿತ್ತು. ಅದು ಶಾಂತನಿಗೆ ಗೊತ್ತಿತ್ತು. ಅವನ ಹೆಸರಿಗೇ ಬಂದ ಕಾಗದ ತಾನೆ! ಆಫೀಸಿನ ಕಡೆಯಿಂದ ಬೈಲಪ್ಪ ನಗುವುದು ಕೇಳುತ್ತಿತ್ತು.

“ಅಮ್ಮನಿಗೆ ಹೇಳ್ಬೇಡಿ ಅತ್ತೆ. ಅಪ್ಪನ ಮರ್ಯಾದೆ ಹೋಗುತ್ತೆ. ಈ ವಯಸ್ಸಲ್ಲಿ, ಈ ಕೈ ಇಟ್ಕೊಂಡು, ಅವರಿಗೆ ಉಳಿದಿರೋದು ಅದೊಂದೇ. ಲಿಂಗ ಮುಟ್ಟಿ ಹೇಳಿ.”

ಲಿಂಗ ಮುಟ್ಟಿ ಆಣೆ ಮಾಡಿದೆ. ಅವಳು ಕಾಗದವನ್ನು ಅದೇ ಫೈಲಿನಲ್ಲಿಟ್ಟು, ತಾರೀಕು ಬರೆದುಕೊಂಡು ಆಫೀಸಿಗೆ ಹೋದಳು.

ಎರಡು ದಿನ ತಡೆದುಕೊಂಡೆ. ಮಾತಿನ ಹತೋಟಿಯಲ್ಲಿ ನನಗೆ ಅಂಕವಿಲ್ಲ ಎಂದು ಎಲ್ಲರಿಗೂ ಗೊತ್ತೇ ಇದೆ. ಮಂಗಳವಾರ ಮಧ್ಯಾಹ್ನ ನಾನೂ ಕಮಲಾಳೂ ನೆನೆಸಿದ ಅವರೆಕಾಳು ಹಿಸುಕುತ್ತ ಕೂತಿದ್ದೆವು. ಹೆಬ್ಬೆರಳಲ್ಲಿ ಒತ್ತಿದರೆ ಕಾಳು ಚಿಮ್ಮಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲುಳಿಯುತ್ತದೆ. ಅವಳು ತಲೆ ಬಗ್ಗಿಸಿಕೊಂಡು, “ವಿಮಲಾನೂ ಹೋಗಲ್ಲ ಅನ್ಸುತ್ತೆ ಅಕ್ಕ. ನನ್ನ ಹಣೆಬರಹ ಅವಳಿಗೂ ಅಂಟಿತು. ಅವತ್ತು ನಾನು ಆ ತುತ್ತು ನುಂಗಿಬಿಟ್ಟಿದ್ರೆ ಇವರು ಜನರಲ್ ಆಗ್ತಿದ್ರು, ಹೀಗೆ ನಮ್ಮನ್ನ ಹಿಡ್ಕೊಂಡು ಕೂರ್ತಿರ್ಲಿಲ್ಲ” ಎಂದಳು.

ಆಣೆ ಹಾಳಾಗಿ ಹೋಗಲಿ. ಶಿವನಿಗೂ ಕಣ್ಣಿದೆ. ಎಲ್ಲವನ್ನೂ ಹೇಳಿಬಿಟ್ಟೆ. ಮಾರ್ಚ್ ತಾರೀಕು, ಮೂವರು ಆಫೀಸರುಗಳು, ಬೈಲಪ್ಪನ ಟ್ರೇನಿಂಗು, ಒಂದೂ ಬಿಡಲಿಲ್ಲ.

ಕಮಲಾ ಹಿಸುಕುವುದನ್ನು ನಿಲ್ಲಿಸಲಿಲ್ಲ. ಪಾತ್ರೆಯಲ್ಲಿದ್ದದ್ದೆಲ್ಲ ಮುಗಿಯುವ ತನಕ ಹಿಸುಕಿದಳು. ಆಮೇಲೆ ಸಿಪ್ಪೆಯನ್ನು ಮೊರಕ್ಕೆ ಬಳಿದು ಕೇಳಿದಳು.

“ಆ ಕಾಗದ ಎಷ್ಟನೇ ಟ್ರಂಕಲ್ಲಿದೆ ಅಕ್ಕ?”

“ಏಳು.”

“ಅದನ್ನ ಪ್ಯಾಕ್ ಮಾಡಿದ್ದು ನಾನೇ. ಅದರ ಮೇಲೆ ನನ್ನ ಮದುವೆ ಸೀರೆ ಮಡಿಸಿಟ್ಟಿದ್ದೆ.”

ಅಷ್ಟೇ ಹೇಳಿ ಒಲೆ ಹಚ್ಚಿದಳು. ಅವತ್ತು ಹಿತಕಿದ ಬೇಳೆ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದಳು.  ಶಾಂತ ಚಮಚ ಬಡಿದುಕೊಂಡು ತಿಂದು ಎದ್ದ.

ಮಾರನೆಯ ದಿನ ಒಂಬತ್ತನೇ ತಾರೀಕು. ಐದೂವರೆಗೆ ಗಂಟೆ ಹೊಡೆಯಿತು. ವಿಮಲಾ ಟೈಪ್‌ರೈಟರಿಗೆ ಕಾಗದ ಸಿಕ್ಕಿಸಿದಳು. ಒಪ್ಪಿಗೆ ಕೊಡಲು ನಾಳೆಯೇ ಕೊನೆ. ಅಪ್ಪನೂ ಮಗಳೂ ಅದರ ಮಾತೆತ್ತಲಿಲ್ಲ. ಮೊದಲಿಂದ ಶುರುವಾಯಿತು. ಕಾಶ್ಮೀರಕ್ಕೆ ಬರುವ ಹೊತ್ತಿಗೆ ಕಮಲಾ ಅಡುಗೆಮನೆಯಿಂದೆದ್ದು ಸೀದಾ ಆಫೀಸಿಗೆ ಹೋದಳು. ಡಿಕ್ಟೇಶನ್ ಹೊತ್ತಿನಲ್ಲಿ ಅವಳು ಆ ಹೊಸ್ತಿಲು ದಾಟಿದವಳಲ್ಲ. ನಾನು ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತೆ.

“ವಿಮಲಾ, ಏಳು” ಎಂದಳು.

“ಅಮ್ಮಾ, ಡಿಕ್ಟೇಶನ್ ನಡೀತಿದೆ...”

“ಏಳು ಅಂದ್ನಲ್ಲ.”

ವಿಮಲಾ ಎದ್ದಳು. ಕಮಲಾ ಆ ಕುರ್ಚಿಯಲ್ಲಿ ಕೂತು, ಟೈಪ್‌ರೈಟರನ್ನು ಆಚೆ ತಳ್ಳಿ, ಹಾಲಿನ ಲೆಕ್ಕದ ನೋಟ್‌ಬುಕ್ಕನ್ನೂ ಪೆನ್ಸಿಲನ್ನೂ ಮುಂದಿಟ್ಟುಕೊಂಡಳು.

“ಏನಿದು ಕಮಲಾ?” ಎಂದ ಶಾಂತ.

“ಬದಲಿ ಬಂದಿದೆ. ಅವಳನ್ನ ಪೋಸ್ಟಿಂದ ಬಿಡಿ.”

“ನಿನಗೆ ಇಂಗ್ಲಿಷ್ ಟೈಪ್ ಬರುತ್ತಾ?”

“ಬರಲ್ಲ. ಕನ್ನಡದಲ್ಲಿ ಬರ್ಕೋತೀನಿ. ಟೈಪ್ ಮಾಡೋಕೆ ನಾಲ್ಕನೇ ಬ್ಲಾಕಲ್ಲಿ ಅಂಗಡಿ ಇದೆ. ಎಪ್ಪತ್ತೈದರಿಂದ ಹೇಳಿ. ಅದರ ಹಿಂದಿಂದೆಲ್ಲ ನನಗೂ ಬಾಯಿಪಾಠ ಆಗಿದೆ.”

“ಎಪ್ಪತ್ತೈದರಲ್ಲಿ ಏನಾಯ್ತು ಅಂತ ನಿನಗೇ ಗೊತ್ತಲ್ಲ.”

ಕಮಲಾ ಸೊಂಟದಿಂದ ಹಳದಿ ಕಾಗದ ತೆಗೆದು ಮೇಜಿನ ಮೇಲಿಟ್ಟಳು. ವಿಮಲಾ ತಿರುಗಿ ನನ್ನನ್ನು ನೋಡಿದಳು. ನಾನು ಪದಕಗಳನ್ನು ನೋಡಿದೆ.

“ಗೊತ್ತಿರ್ಲಿಲ್ಲ. ನಿನ್ನೆ ಗೊತ್ತಾಯ್ತು. ಒಂಬತ್ತು ವರ್ಷ ಆ ತುತ್ತು ನನ್ನ ಗಂಟಲಲ್ಲೇ ಸಿಕ್ಕಾಕ್ಕೊಂಡಿತ್ತು ಕಣ್ರೀ. ನುಂಗೋಕೂ ಆಗ್ಲಿಲ್ಲ, ಉಗಿಯೋಕೂ ಆಗ್ಲಿಲ್ಲ.”

“ನಿನ್ನಿಂದ ಹೀಗಾಯ್ತು ಅಂತ ನಾನು ಯಾವತ್ತಾದ್ರೂ ಅಂದಿದ್ದೀನಾ?”

“ಅನ್ನಲಿಲ್ಲ. ಆರು ಕೊಟ್ರಿ.”

ಶಾಂತ ತನ್ನ ಕುರ್ಚಿಯ ಬೆನ್ನು ಹಿಡಿದುಕೊಂಡ.  ನಾಲ್ಕು ಯುದ್ಧ ನೋಡಿದವನು, ಹೆಂಡತಿಯ ಮುಖ ನೋಡಲಾರದೆ ನಿಂತ. ನನಗೆ ಸಿಟ್ಟೂ ಬಂತು, ಅಯ್ಯೋ ಎಂದೂ ಅನ್ನಿಸಿತು. ನನ್ನ ತಮ್ಮ ಅವನು.

“ಅಪ್ಪಾ,” ಎಂದಳು ವಿಮಲಾ, “ನಾನು ಹೋಗ್ಲಾ?”

ಅವನು ಮೇಜಿನ ಮೇಲಿದ್ದ ಹಳದಿ ಕಾಗದವನ್ನು ಮಗುಚಿಟ್ಟ.

“ಅವರನ್ಯಾಕೆ ಕೇಳ್ತೀಯಾ?” ಎಂದಳು ಕಮಲಾ, ಬರೆಯುವ ಹಾಳೆಯಿಂದ ತಲೆ ಎತ್ತದೆ. “ಬದಲಿ ಬಂದಾಯ್ತಲ್ಲ. ರೂಲು ಅವರದೇ.”

ವಿಮಲಾ ಜಗಲಿಗೆ ಬಂದು ಕೈಚೀಲ ತೆಗೆದಳು. ಕಾಗದವನ್ನು ಗೋಡೆಗೆ ಒತ್ತಿಹಿಡಿದು ರುಜು ಹಾಕಿದಳು. ಹಾಕುತ್ತ ಬಿಕ್ಕಿಬಿಕ್ಕಿ ಅತ್ತಳು. “ಆಣೆ ಮಾಡಿದ್ರಿ ಅತ್ತೆ” ಎಂದಳು. “ಮಾಡಿದ್ದೆ, ಶಿವ ನನ್ನ ಐದನ್ನ ನಾಲ್ಕು ಮಾಡ್ಲಿ ಬಿಡು” ಎಂದೆ.

ಸಂಕ್ರಾಂತಿ ಮುಗಿಸಿಕೊಂಡು ಅವಳು ಚಿತ್ರದುರ್ಗಕ್ಕೆ ಹೊರಟಳು. ಕಮಲಾ ಏಳನೇ ನಂಬರ್ ಟ್ರಂಕು ಖಾಲಿ ಮಾಡಿ, ಗಂಡನ ಹೆಸರಿನ ಬಿಳಿ ಅಕ್ಷರದ ಮೇಲೆ ಕಪ್ಪು ಬಣ್ಣ ಹಚ್ಚಿ, ಅದನ್ನೇ ಕೊಟ್ಟು ಕಳಿಸಿದಳು. ಶಾಂತ ಗೇಟಿನ ತನಕ ಬಂದ. ಎಳ್ಳುಬೆಲ್ಲ ಕೈಗೆ ಕೊಡಲು ಹೋದ. ಅರ್ಧ ನೆಲಕ್ಕೆ ಚೆಲ್ಲಿತು. ಮಿಕ್ಕದ್ದನ್ನು ವಿಮಲಾ ಅವನ ಅಂಗೈಯಿಂದಲೇ ಬಾಯಿಗೆ ಹಾಕಿಕೊಂಡಳು.

“ಸಂಡೇ ಸಂಡೇ ಕಾಗದ ಬರಿ” ಎಂದ. ಹೋಗು ಎಂದು ಮಾತ್ರ ಅವನ ಬಾಯಿಂದ ಬರಲೇ ಇಲ್ಲ.

ಆಫೀಸಿನಲ್ಲಿ ಮೂರು ಸಂಜೆ ಒಂದೂ ಮಾತಿಲ್ಲದೆ ಕಳೆದವು. ಅವನು ಕಿಟಕಿಯ ಹತ್ತಿರ ನಿಲ್ಲುವುದು, ಇವಳು ನೋಟ್‌ಬುಕ್ ಮುಂದಿಟ್ಟುಕೊಂಡು ಕೂರುವುದು. ಏಳೂವರೆಗೆ ಎದ್ದು ಬಂದು ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ನಾಲ್ಕನೇ ಸಂಜೆ ಅವನ ಧ್ವನಿ ಬಂತು. ಯುದ್ಧಗಳನ್ನು ಹೇಳಿದ ಗಟ್ಟಿ ಧ್ವನಿಯಲ್ಲ. ನಾನು ಕೈಯಲ್ಲಿದ್ದ ಸೌಟು ಹಾಗೇ ಹಿಡಿದು ಕೇಳಿದೆ.

“ಎಪ್ಪತ್ತೈದು. ನನ್ನ ಕೈಕೆಳಗಿದ್ದ ಮೂವರನ್ನು ಮುಂದಿನ ತರಬೇತಿಗೆ ಕಳಿಸಲಿಲ್ಲ. ಆ ಕಾರಣಕ್ಕೆ ಬಡ್ತಿ ಸಿಗಲಿಲ್ಲ. ಬರ್ಕೊಂಡೆಯ?”

“ನಾಲ್ವರು” ಎಂದಳು ಕಮಲಾ. “ಬೈಲಪ್ಪನ್ನ ಬಿಟ್ರಿ.”

“ಬೈಲಪ್ಪ ಆಫೀಸರಲ್ಲ.”

“ನಾಲ್ವರು ಅಂತ ಬರ್ಕೊಂಡಿದ್ದೀನಿ.”

ಜನವರಿ ಇಪ್ಪತ್ತೆಂಟಕ್ಕೆ ಟೈಪಾದ ಪ್ರತಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹೋಯಿತು. ಹೋದ ಮಾರನೆಯ ದಿನ ಸಂಜೆ ನಾನೂ ಕಮಲಾಳೂ ಕಾಫಿ ಲೋಟ ಹಿಡಿದು ಹಿತ್ತಲ ಮೆಟ್ಟಿಲ ಮೇಲೆ ಕೂತೆವು. ಇನ್ನು ಗಂಟೆ ಇಲ್ಲ ಎಂಬ ನೆಮ್ಮದಿ ನನಗೆ. ಫೆಬ್ರವರಿಯಲ್ಲಿ ತಿಪಟೂರಿಗೆ ಹೋಗಿಬರುತ್ತೇನೆಂದೂ ಹೇಳಿದೆ. ಐದೂವರೆಗೆ ಗಂಟೆ ಹೊಡೆಯಿತು.

“ಕಾಗದ ಹೋಯ್ತಲ್ಲೇ, ಇನ್ನೇನಂತೆ?”

“ಪುಸ್ತಕ ಬರೀಬೇಕಂತೆ ಅಕ್ಕ. ಹುಟ್ಟಿದಾಗಿಂದ.”

“ಶಿವ ಶಿವಾ! ನಿನಗೆ ಬದಲಿ ಯಾರೇ?”

ಅವಳು ನನ್ನ ಮುಖ ನೋಡಿದಳು. ಅವನು ಹುಟ್ಟಿದ್ದನ್ನು ಕಣ್ಣಾರೆ ಕಂಡು ಇನ್ನೂ ಬದುಕಿರುವವಳು ಈ ಲೋಕದಲ್ಲಿ ನಾನೊಬ್ಬಳೇ. ನನ್ನ ತಿಪಟೂರು ಅಲ್ಲಿಗೆ ಮುಗಿಯಿತು.

ಇಬ್ಬರೂ ಎದ್ದು ಆಫೀಸಿಗೆ ಹೋದೆವು. ಶಾಂತ ಬಾತ್‌ರೂಮಿನಲ್ಲಿದ್ದ. ಮೇಜಿನ ಮೇಲೆ ಕಂದು ಪುಸ್ತಕ ತೆರೆದಿತ್ತು, ಕಮಲಾಳ ಪುಟ. ಆರನ್ನು ಯಾರೋ ಗೀಚಿ ಹೊಡೆದುಹಾಕಿದ್ದರು. ನಡುಗುವ ಕೈ ಎಂದು ಗೀಟು ನೋಡಿದರೇ ತಿಳಿಯುತ್ತಿತ್ತು. ಅದರ ಪಕ್ಕದಲ್ಲಿ ಬೇರೆ ಅಂಕವಿರಲಿಲ್ಲ.

“ಇದೇನೇ, ಹೊಡೆದುಹಾಕಿ ಖಾಲಿ ಬಿಟ್ಟಿದ್ದಾನೆ?”

“ಬೆಳಿಗ್ಗೆ ಕೇಳಿದ್ರು, ಎಷ್ಟು ಹಾಕ್ಲಿ ಅಂತ” ಎಂದಳು ಕಮಲಾ, ನೋಟ್‌ಬುಕ್ಕಿನಲ್ಲಿ ಹೊಸ ಹಾಳೆ ತಿರುವುತ್ತ. “ನನಗೆ ಅಂಕ ಹಾಕೋದನ್ನ ಬಿಟ್ಟುಬಿಡಿ ಅಂದೆ.”

ಅವನು ಬಂದು ಕಿಟಕಿಯ ಹತ್ತಿರ ನಿಂತು ಗಂಟಲು ಸರಿಮಾಡಿಕೊಂಡ. ಅವಳು ಪೆನ್ಸಿಲ್ ಎತ್ತಿಕೊಂಡಳು.